ಬೆರಳಗಲ ದೂರದ ಹಡಗು

ನಮ್ಮ ವಯನಾಡಿಗೆ ಕಡಲಿಲ್ಲ. ಮರಕ್ಕಡವಿನಲ್ಲಿ ಇರುವುದು ಕಬಿನಿ ಹೊಳೆ, ಅದನ್ನು ದಾಟಿಸಲು ಅಪ್ಪನ ತೋಣಿ. ಹೀಗಿರುವಾಗ ಹಡಗು ನಡೆಸುವವರ ಹೆಂಡತಿಯಾಗಿ ನಾನು ಇಲ್ಲಿ ಕೂತಿರುವುದು ಊರಿನವರಿಗೆ ಈಗಲೂ ತಮಾಷೆ. ಸೊಸೈಟಿಯಲ್ಲಿ ಹಾಲು ಪರೀಕ್ಷೆ ಮಾಡುವುದು ನನ್ನ ಕೆಲಸ. ಕ್ಯಾನ್ ಇಳಿಸುತ್ತಾ, "ನಿನ್ ಗಂಡನ ಹಡಗು ಈಗ ಎಲ್ಲಿ ತೇಲ್ತಾ ಅದೆ?" ಎಂದು ಕೇಳದವರಿಲ್ಲ.

ನಾನು ಫೋನು ತೆಗೆದು ತೋರಿಸುತ್ತೇನೆ. ಅದರಲ್ಲೊಂದು ಆ್ಯಪ್ ಇದೆ. ಲೋಕದ ಹಡಗುಗಳೆಲ್ಲ ಅದರಲ್ಲಿ ಪುಟ್ಟ ಬಾಣಗಳಾಗಿ ಹರಿದಾಡುತ್ತವೆ. ಆದರೆ ದಡದ ಆಸುಪಾಸಿನಲ್ಲಿದ್ದಾಗ ಮಾತ್ರ. ನಡುಗಡಲಿಗೆ ಹೋದರೆ ಬಾಣ ಮಾಯವಾಗಿ, ಕೊನೆಗೆ ಕಂಡದ್ದು ಹನ್ನೊಂದು ದಿನದ ಹಿಂದೆ ಎಂಬಂಥ ಒಂದು ಸಾಲು ಉಳಿಯುತ್ತದೆ. ಆ ಸಾಲಿನ ಮೇಲೆ ನನಗಿರುವಷ್ಟು ಸಿಟ್ಟು ಯಾವ ಮನುಷ್ಯರ ಮೇಲೂ ಇಲ್ಲ.

ನನ್ನ ಗಂಡ ಹೊಳೆಯ ಆಚೆ ದಡದವರು, ಕರ್ನಾಟಕದ ಕಡೆಯವರು. ನಾಲ್ಕು ವರ್ಷ ಅಪ್ಪನ ತೋಣಿಯಲ್ಲಿ ಹುಟ್ಟು ಹಾಕಿದರು. ಆಮೇಲೆ ತರಬೇತಿ, ಸರಕಿನ ಹಡಗು, ಈಗ ಚುಕ್ಕಾಣಿಯ ಚಕ್ರ ಹಿಡಿಯುವ ಕೆಲಸ. ಹೋದರೆ ಒಂಬತ್ತು ತಿಂಗಳ ಕರಾರು. ನಾನು ಹೇಳುತ್ತಿರುವುದು ಕಳೆದ ಸಲದ ಒಂಬತ್ತನೇ ತಿಂಗಳಿನ ಮಾತು. ಹಡಗಿನಲ್ಲಿ ವಾರಕ್ಕಿಷ್ಟು ಎಂದು ಅಳೆದು ಕೊಡುವ ಇಂಟರ್ನೆಟ್ಟಿನಲ್ಲಿ ಅವರು ಮೆಸೇಜು ಕಳಿಸುತ್ತಿದ್ದರು. ಯಾವಾಗ ಇಳಿಯುತ್ತೀರಿ ಎಂದು ಬರೆದರೆ, ಹಸು ಕರು ಹಾಕಿತಾ ಎಂದು ಉತ್ತರ ಬರುತ್ತಿತ್ತು. ಮೂರು ಸಲ ಕೇಳಿದೆ, ಮೂರು ಸಲವೂ ಹಸುವಿನ ವಿಚಾರವೇ. ಕರಾರು ಮುಂದುವರಿಸಿಬಿಡುತ್ತಾರೇನೋ ಎಂದು ನನಗೆ ಪುಕುಪುಕು. ಅವರು ಮನೆಗೆ ಬರಬೇಕಿತ್ತು, ನನಗೆ ಬೇರೇನೂ ಬೇಕಿರಲಿಲ್ಲ.

ಅಷ್ಟರಲ್ಲಿ ಒಂದು ಬೆಳಿಗ್ಗೆ ಬಾಣ ಗೋವಾದ ಹತ್ತಿರ ಪ್ರತ್ಯಕ್ಷವಾಯಿತು. ಹೋಗುತ್ತಿದ್ದದ್ದು ಕೊಲಂಬೊಗೆ. ನಮ್ಮ ಕರಾವಳಿಯ ಪಕ್ಕದಲ್ಲೇ ಹಾದು ಹೋಗಬೇಕು, ನಿಲ್ಲುವುದಿಲ್ಲ. ಬಾಣ ಮುಟ್ಟಿದರೆ ಹಡಗಿನ ಎರಡು ಅಂಕಿ ಕಾಣುತ್ತವೆ: ಹಡಗು ಸಾಗುತ್ತಿರುವ ದಿಕ್ಕು ಒಂದು, ಅದರ ಮೂತಿ ಇರುವ ದಿಕ್ಕು ಇನ್ನೊಂದು. ಹಾಲಿನ ಅಂಕಿ ನೋಡಿ ನೋಡಿ ಅಭ್ಯಾಸವಾದ ಕಣ್ಣು, ಎರಡೂ ಹೊಂದುತ್ತಿಲ್ಲ ಎಂದು ತಟ್ಟನೆ ಹಿಡಿಯಿತು. ಸಾಗುತ್ತಿದ್ದದ್ದು ನೂರ ಐವತ್ತೆಂಟು ಡಿಗ್ರಿಗೆ, ಮೂತಿ ಇದ್ದದ್ದು ನೂರ ಅರವತ್ತನಾಲ್ಕಕ್ಕೆ. ಎಂದರೆ ಮೂತಿ ನಮ್ಮ ದಡವನ್ನು ಬಿಟ್ಟು ಕಡಲ ಕಡೆಗೆ ತಿರುಗಿತ್ತು. ಹಡಗು ಕೆಟ್ಟಿತೇ, ಇಲ್ಲಾ ಮನುಷ್ಯನ ಮನಸ್ಸೇ ಆ ಕಡೆ ತಿರುಗಿತೇ ಎಂದು ಎದೆ ಹೊಡೆದುಕೊಂಡಿತು. ಎರಡನೆಯದು ಹುಚ್ಚು ಯೋಚನೆ ಎಂದು ಗೊತ್ತಿದ್ದೂ ಹೊಡೆದುಕೊಂಡಿತು.

ತೋಣಿ ನಿಲ್ಲುವ ಕಡವಿಗೆ ಓಡಿ ಅಪ್ಪನಿಗೆ ತೋರಿಸಿದೆ. ಅವರು ತೋಣಿಯಿಂದ ನೀರು ಮೊಗೆದು ಚೆಲ್ಲುತ್ತಿದ್ದರು.

"ಆಚೆ ಕರೆಯ ಮೆಟ್ಲಿಗೆ ನೇರ ಮೂತಿ ಇಟ್ರೆ ನಾವು ಎಲ್ಲಿಗೆ ಹೋಗಿ ಮುಟ್ತೀವಿ ಮಗಳೆ?"

"ಕೆಳಗಿನ ಮುಳ್ಳುಪೊದೆಗೆ."

"ಮತ್ತೆ? ಮೇಲಕ್ಕೆ ಮೂತಿ ಇಟ್ರೆ ಒಳುಕ್ಕೇ ತಂದು ಮೆಟ್ಲಿಗೆ ಬುಡ್ತದೆ. ಅಲ್ಲಿ ಗಾಳಿ ಕರೆ ಕಡೀಕೆ ನೂಕ್ತಾ ಅದೆ. ಅದಕ್ಕೆ ಕಡಲ ಕಡೀಕೆ ಮೂತಿ ಕೊಟ್ಟವ್ರೆ. ದಾರಿ ಶರಿಯಾಗೇ ಅದೆ."

ಹೊಳೆಯ ಸೆಳೆತಕ್ಕೆ ಅಪ್ಪನ ಬಾಯಲ್ಲಿ ಯಾವಾಗಲೂ ಒಳುಕ್ಕು, ದಡಕ್ಕೆ ಕರೆ ಎಂದೇ ಬರುವುದು. ಅರ್ಧ ಜೀವ ಬಂದ ಹಾಗಾಯಿತು. ಅದೇ ಹುರುಪಿನಲ್ಲಿ, "ನಾಳೆ ಕೋಝಿಕ್ಕೋಡಿಗೆ ಹೋಗಿ ಹಡಗು ನೋಡೋಣಪ್ಪ" ಎಂದುಬಿಟ್ಟೆ. ನಕ್ಷೆಯಲ್ಲಿ ಹಡಗು ದಡದಿಂದ ನನ್ನ ಕಿರುಬೆರಳಿನ ಅಗಲದಷ್ಟೇ ದೂರದಲ್ಲಿತ್ತು. ಕಬಿನಿಯಲ್ಲಿ ಆಚೆ ದಡದವರ ಅಂಗಿಯ ಬಣ್ಣ ಕಾಣುತ್ತದೆ, ಇದು ಅದಕ್ಕಿಂತ ಒಂಚೂರು ದೂರವಿರಬಹುದು ಎಂದುಕೊಂಡೆ. ಅಪ್ಪ ಬೆರಳನ್ನೂ ನಕ್ಷೆಯನ್ನೂ ನೋಡಿ, ಸರಿ ಎಂದರು.

ಸೊಸೈಟಿಗೆ ರಜೆ ಹೇಳಿ ಬೆಳಗಿನ ಬಸ್ಸು ಹಿಡಿದೆವು. ಹಳದಿ ಸೀರೆ ಉಟ್ಟುಕೊಂಡಿದ್ದೆ, ದೂರಕ್ಕೆ ಕಾಣಲಿ ಎಂದು. ಹನ್ನೊಂದೂವರೆಗೆ ಕಡಲ ದಂಡೆಯಲ್ಲಿ ನಿಂತರೆ ನೀರು, ಮೀನುದೋಣಿ, ಮಬ್ಬು. ಅಷ್ಟೇ. ಆ್ಯಪಿನಲ್ಲಿ ಬಾಣ ನೇರ ನಮ್ಮ ಎದುರಿಗೇ ಬಂತು. ಕಣ್ಣೆತ್ತಿದರೆ ಏನೂ ಇಲ್ಲ. ಕಡಲೆ ಮಾರುವವನನ್ನು ಕೇಳಿದೆ. ದೊಡ್ಡ ಹಡಗುಗಳು ಹೋಗುವ ದಾರಿ ಇಲ್ಲಿಂದ ಕಾಣುವುದಿಲ್ಲ, ಅವು ಬಹಳ ಹೊರಗೆ ಎಂದು ಮಲಯಾಳದಲ್ಲಿ ಹೇಳಿ, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಒಂದು ಹಿಡಿ ಹೆಚ್ಚೇ ಕಡಲೆ ಹಾಕಿದ. ಕಾಣದ ಹಡಗಿನ ಮುಂದೆ ಹಳದಿ ಸೀರೆಯಲ್ಲಿ ನಿಂತ ನನ್ನ ಪೆದ್ದುತನಕ್ಕೆ ನಾಚಿಕೆಯಾಯಿತು, ಅಳುವೂ ಬಂತು.

ಆಗ ಫೋನು ಹೊಡೆದುಕೊಂಡಿತು. ದಡದ ಸಿಗ್ನಲ್ಲು ಅವರ ಸಿಮ್ಮಿಗೆ ಸಿಕ್ಕಿತ್ತು.

ನಮ್ಮ ಕಡವಿನಲ್ಲಿ ಒಂದು ಪದ್ಧತಿ. ಆಚೆ ದಡದಿಂದ ಕೂಗು ಬಂದರೆ ಮೊದಲು ಓಗೊಡಬೇಕಾದವನು ತೋಣಿಕಾರ. ಉಳಿದವರು ಆಮೇಲೆ. ಹುಟ್ಟಿದಂದಿನಿಂದ ಅದಕ್ಕೇ ಒಗ್ಗಿದ ಕೈ ನನ್ನದು, ಯೋಚನೆಯನ್ನೇ ಮಾಡದೆ ಫೋನನ್ನು ಅಪ್ಪನಿಗೆ ಕೊಟ್ಟುಬಿಟ್ಟಿತು.

ಅಪ್ಪ ಮೊದಲು ನಕ್ಕು, ನಾವು ಕಡಲ ದಂಡೆಗೇ ಬಂದಿದ್ದೇವೆ ಎಂದರು. ಆಮೇಲೆ ಆ ಕಡೆಯ ಮಾತು ಕೇಳಿಸಿಕೊಂಡರು. ಮುಖವನ್ನು ಕಡಲ ಕಡೆಗೆ ತಿರುಗಿಸಿಕೊಂಡು ಒಂದರ ಮೇಲೊಂದು ಪ್ರಶ್ನೆ ಹಾಕತೊಡಗಿದರು. "ಚಕ್ರ ತಿರುಗಿಸಿದ್ರೆ ಒಡನೆ ಮಾತು ಕೇಳ್ತದಾ?... ಹಂಗಾ! ಮೊದ್ಲು ಸುಮ್ನಿದ್ದು ಆಮೇಲೆ ತಿರುಗ್ತದಾ?... ಮತ್ತೆ ಅದು ತಿರುಗ್ತಾ ಇರೋವಾಗ್ಲೇ ನೀವು ಈ ಕಡೀಕೆ ಹಿಡೀಬೇಕಾ?... ನಿಲ್ಲಿಸ್ಬೇಕಾದ್ರೆ ಎಷ್ಟು ದೂರ ಬೇಕು?... ದೇವ್ರೇ, ನಮ್ ಕಡವಿಂದ ಪುಲ್ಪಳ್ಳಿ ಪ್ಯಾಟೆ ಗಂಟ ಹೋಗ್ಬುಡ್ತೀರಲ್ಲ!" ನಾನು ತೋಳು ಜಗ್ಗಿದೆ. ಕೈ ಚಾಚಿದೆ. "ಈಗ ಕೊಡ್ತೀನಿ, ಈಗ ಕೊಡ್ತೀನಿ" ಎನ್ನುತ್ತಲೇ ಗಾಳಿಯ ವಿಚಾರ ಕೇಳಿದರು. ಕೊನೆಗೆ ಫೋನು ನನ್ನ ಕಿವಿಗೆ ಬಂದಾಗ ಅದರಲ್ಲಿ ಏನೂ ಇರಲಿಲ್ಲ. ಮತ್ತೆ ಮತ್ತೆ ಮಾಡಿದೆ, ಹೋಗಲಿಲ್ಲ.

ವಾಪಸ್ ಬಸ್ಸಿನಲ್ಲಿ ನಾನು ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಘಾಟಿ ಶುರುವಾಗುವ ಅಡಿವಾರದಲ್ಲಿ ಅವರೇ ಬಾಯಿ ತೆರೆದರು.

"ನಾಲ್ಕು ತಿಂಗಳು ಮುಂದಕ್ಕೆ ಹಾಕಿಸ್ಕೊಂಡವ್ರೆ. ನಿಂಗೆ ಹೇಳಾಕೆ ಬಾಯಿ ಬರ್ತಿಲ್ಲ, ನೀವೇ ಹೇಳಿ ಮಾವ ಅಂದ್ರು. ನಂಗೂ ಬರ್ಲಿಲ್ಲ ಮಗಳೆ. ಫೋನ್ ಕೊಟ್ರೆ ಯಾವಾಗ ಬರ್ತೀರಿ ಅಂತ ನೀನು ಕೇಳ್ತೀಯಲ್ಲಾಂತ ಚಕ್ರ, ಗಾಳಿ ಅಂತ ಏನೇನೋ ಮಾತಾಡ್ದೆ."

"ಯಾತಕ್ಕಂತೆ?"

"ನಡುಗಡಲಲ್ಲಿ ಯಂತ್ರವೇ ಹಡಗು ನಡೆಸ್ತದಂತೆ. ಬಂದರಿನ ಇಕ್ಕಟ್ಟು ಬಂದಾಗ ಯಂತ್ರ ಬಿಟ್ಟು ಕೈಗೆ ಕೊಡ್ತಾರಂತೆ. ಈಗ ಕ್ಯಾಪ್ಟನ್ನು ಇವ್ರನ್ನೇ ಕೂಗ್ತಾರಂತೆ, ಬೇರೆಯವ್ರು ಬೇಡ ಅಂತಾರಂತೆ." ಹೇಳುತ್ತಾ ಹೇಳುತ್ತಾ ಅಪ್ಪನ ದನಿಯಲ್ಲಿ ಹೆಮ್ಮೆ ಉಬ್ಬಿತು. ನನಗೆ ಮೈಯೆಲ್ಲ ಉರಿಯಿತು. ಸವತಿಯ ಮೇಲೆ ಉರಿಯುವ ಹಾಗೆ ಆ ಚಕ್ರದ ಮೇಲೆ ಉರಿಯಿತು. ನನಗೂ ಆ ಕೈ ಬೇಕಿತ್ತಲ್ಲ.

ಏಳನೆಯದೋ ಎಂಟನೆಯದೋ ತಿರುವಿನಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಕೊಡಲಿಲ್ಲ, ಎರಡೂ ಕೈಯಲ್ಲಿ ಹಿಡಿದುಕೊಂಡೆ. ಬೈಯಲು ಎಲ್ಲವನ್ನೂ ಹೊಂದಿಸಿ ಇಟ್ಟುಕೊಂಡಿದ್ದೆ.

"ಕಡಲ ಹತ್ರ ಬಂದಿದ್ಯಂತೆ," ಎಂದರು, ನನಗೆ ಬಾಯಿ ತೆರೆಯಲು ಬಿಡದೆ. "ಮಾವ ಹೇಳಿದ್ಮೇಲೆ ಹಡಗಿನ ಎಡಗಡೆ ಹೊರಗೆ ನಿಂತು ದುರ್ಬೀನು ಹಿಡ್ಕೊಂಡು ನೋಡೇ ನೋಡ್ದೆ. ಬರೀ ಬೂದಿ ಬಣ್ಣದ ಗೆರೆ. ನಿಂಗೆ ಹಡಗು ಕಾಣ್ತಾ?"

ಅವರ ದನಿ ಹೇಗಿತ್ತು ಎಂದು ಹೇಳಲಾರೆ. ಹೊಂದಿಸಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ.

"ಕಾಣ್ತು," ಎಂದೆ.

"ನಿಜ?"

"ನಿಜ. ಪೂರ್ತಿ ಕಾಣ್ತು."

ಉಸಿರು ಬಿಟ್ಟದ್ದು ಕೇಳಿಸಿತು. "ನಂಗೆ ಅಷ್ಟು ಸಾಕು ಕಣೆ. ನಾಲ್ಕು ತಿಂಗಳು ಹೆಂಗೋ ತಳ್ಬುಡ್ತೀನಿ," ಎಂದರು. ಮನೆಗೆ ಬನ್ನಿ ಎನ್ನಲು ಬಾಯಿ ತೆರೆದೆ, ಬಸ್ಸು ತಿರುವು ಹೊಡೆಯಿತು, ಕರೆ ಕಡಿದುಹೋಯಿತು.

ನನಗೆ ಸಾಕಾಗಿರಲಿಲ್ಲ. ಸುಮ್ಮನಿದ್ದ ಫೋನನ್ನು ಕಿವಿಗೇ ಒತ್ತಿಕೊಂಡು, ಬನ್ನಿ, ಮನೆಗೆ ಬನ್ನಿ ಎಂದೆ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಎಂದೆ. ಅಪ್ಪ ಕಿಟಕಿಯ ಆಚೆಗೆ ನೋಡುತ್ತಾ ಕೂತಿದ್ದರು.