ಬೆನ್ನ ಹಿಂದಿನ ಗಿಲಕಿ

ನಾನು ಆಟಿಕೆ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಮನೆಯಲ್ಲಿ ಕರಟ, ಬೆಂಕಿಪೊಟ್ಟಣ, ಹರಿದ ಕಾಲುಚೀಲ, ಖಾಲಿ ಎಣ್ಣೆ ಬಾಟಲಿ ಬಿದ್ದಿರುವಾಗ ಅಂಗಡಿಯಿಂದ ಪ್ಲಾಸ್ಟಿಕ್ ಹೊತ್ತು ತರುವುದು ನನ್ನ ಪಾಲಿಗೆ ಬರೀ ಸೋಮಾರಿತನ. ತರೀಕೆರೆಯ ನಮ್ಮ ಬೀದಿಯ ಮಕ್ಕಳು ನನ್ನ ಬಾಟಲಿ ಮುಚ್ಚಳದ ಗಾಡಿ ಎಳೆದುಕೊಂಡೇ ನಡೆಯಲು ಕಲಿತಿದ್ದು. ಹೀಗೆ ಹೇಳಿಕೊಂಡರೆ ಜಂಬ ಎನ್ನುತ್ತಾರೆ. ಎನ್ನಲಿ.

ಹಾಗಾಗಿ ಅಜ್ಜಂಪುರದ ಮಗಳ ಮನೆಗೆ ಹೊರಟಾಗ ನನ್ನ ಚೀಲದಲ್ಲಿ ಸೀರೆಗಿಂತ ಕಸವೇ ಹೆಚ್ಚಿತ್ತು. ಬೀಗಿತ್ತಿ, ಅಂದರೆ ಮಗಳ ಅತ್ತೆ, ಒಂದು ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಇನ್ನೊಂದು ಕಣ್ಣು ಮೊದಲೇ ಮಂಜು. ಕಪ್ಪು ಕನ್ನಡಕದ ಹಿಂದಿನಿಂದ ಅವರಿಗೆ ಆಳಿನ ಆಕಾರ ಕಾಣುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಮಗಳು ದಿನಾ ಬೀರೂರಿನ ಶಾಲೆಯೊಂದಕ್ಕೆ ಪಾಠ ಹೇಳಲು ಹೋಗುತ್ತಾಳೆ. ಅಳಿಯ ತೋಟ, ಕೊಬ್ಬರಿ ವ್ಯಾಪಾರ ಎಂದು ತಿರುಗುತ್ತಾನೆ. ಒಂದೂವರೆ ವರ್ಷದ ಮೊಮ್ಮಗಳನ್ನು ನೋಡಿಕೊಳ್ಳಲು ಜನ ಬೇಕಿತ್ತು. ಹೆಣ್ಣು ಕೊಟ್ಟ ಮನೆಯಲ್ಲಿ ವಾರಗಟ್ಟಲೆ ಕೂರುವುದು ನನಗೆ ಒಗ್ಗುವುದಿಲ್ಲ. ಎರಡನೇ ಸಲ ಅನ್ನ ಬಡಿಸಿಕೊಳ್ಳುವುದಕ್ಕೂ ಸಂಕೋಚ. ಆದರೂ ಹೋದೆ.

ಮೊದಲು ತೆಂಗಿನ ಗರಿ ಮಡಚಿ ಗಿರಗಿಟ್ಲೆ ಮಾಡಿ ಪೊರಕೆ ಕಡ್ಡಿಗೆ ಸಿಕ್ಕಿಸಿದೆ. ಅದು ಗಾಳಿಗೆ ಸುತ್ತುವುದನ್ನು ಕಂಡು ಮಗು ಕೇಕೆ ಹಾಕಿ ನಕ್ಕಿತು. ನನಗೆ ಹುರುಪು ಬಂತು. ಇನ್ನೊಂದು ಗರಿ ಸುರುಳಿ ಸುತ್ತಿ ಪೀಪಿ ಮಾಡಿದೆ. ಮಗು ಪಡಸಾಲೆಯಲ್ಲಿ ಗಿರಗಿಟ್ಲೆ ಹಿಡಿದು ಕೂತಿತ್ತು. ಹೆದರಿಸಿ ನಗಿಸೋಣವೆಂದು ಸದ್ದಿಲ್ಲದೆ ಹಿಂದೆ ಹೋಗಿ ಉಸಿರು ಕಟ್ಟಿ ಊದಿದೆ. ಹಿತ್ತಲಿನ ಕಾಗೆಗಳು ಹಾರಿದವು. ಮಂಚದ ಮೇಲಿದ್ದ ಬೀಗಿತ್ತಿ, "ಅಯ್ಯೋ ಶಿವ್ನೇ, ಏನ್ರೀ ಅದು!" ಎಂದು ಎದೆ ಹಿಡಿದುಕೊಂಡರು. ಮಗು ತಿರುಗಲಿಲ್ಲ.

ಆಟದಲ್ಲಿ ಮುಳುಗಿದ ಮಕ್ಕಳು ಹಾಗೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅನುಮಾನ ಹೋಗಲಿಲ್ಲ.

ಅಂದಿನಿಂದ ನಾನು ಮಾಡಿದ್ದೆಲ್ಲ ಗಿಲಕಿಗಳೇ. ಎರಡು ಕರಟ ಬಾಯಿಗೆ ಬಾಯಿ ಕೂಡಿಸಿ, ಒಳಗೆ ರಾಗಿ ಹಾಕಿ, ಹಳೆಯ ಬಟ್ಟೆಯಲ್ಲಿ ಬಿಗಿಯಾಗಿ ಹೊಲಿದೆ. ಬೆನ್ನ ಹಿಂದೆ ಅಲ್ಲಾಡಿಸಿದರೆ ತಿರುಗಲಿಲ್ಲ. ರಾಗಿಯ ಸದ್ದು ಸಣ್ಣದು ಎಂದು ಹುರುಳಿ ಹಾಕಿ ಇನ್ನೊಂದು ಹೊಲಿದೆ. ಅದಕ್ಕೂ ಇಲ್ಲ. ಕೊನೆಗೆ ಸ್ಟೀಲ್ ಡಬ್ಬಿಗೆ ಹುಣಸೆ ಬೀಜ ತುಂಬಿ ಮುಚ್ಚಳವನ್ನು ಭದ್ರವಾಗಿ ಕಟ್ಟಿದೆ. ಅದನ್ನು ಕುಲುಕಿದರೆ ಪಕ್ಕದ ಮನೆಯವರೂ ಇಣುಕುತ್ತಿದ್ದರು. ಮಗುವಿನ ಕತ್ತು ಮಾತ್ರ ಅಲುಗಲಿಲ್ಲ. ಅದೇ ಡಬ್ಬಿಯನ್ನು ಕಣ್ಣ ಮುಂದೆ ಹಿಡಿದರೆ ಸಾಕು, ಕಸಿದುಕೊಂಡು ಕುಲುಕಿ, ಗಲ್ಲಕ್ಕೆ ಒತ್ತಿಕೊಂಡು ನಗುತ್ತಿತ್ತು.

ಆ ಗಲಾಟೆ ಕೇಳಿ ಬೀಗಿತ್ತಿಗೆ ಸಂತೋಷ. "ನೀವು ಬಂದ್ಮೇಲೆ ಮಗು ಎಷ್ಟು ಆಡ್ತೈತೆ ನೋಡಿ," ಎನ್ನುತ್ತಿದ್ದರು. ಕುಲುಕುತ್ತಿರುವುದು ಮಗುವಲ್ಲ, ಅದರ ಬೆನ್ನ ಹಿಂದೆ ಕೂತು ಬೆವರುತ್ತಿರುವ ನಾನು ಎಂದು ಅವರಿಗೆ ಕಾಣುತ್ತಿರಲಿಲ್ಲ.

ನನ್ನದು ಮೊದಲೇ ತಡೆಯದ ಬಾಯಿ. ಒಂದು ದಿನ ಕೇಳಿಯೇಬಿಟ್ಟೆ. "ಬೀಗ್ರೇ, ಮಗು ಕರೆದ್ರೆ ತಿರುಗಲ್ಲ ಅಲ್ವಾ?"

"ಅದೇನು ಮಾತು ಅಂತ ಆಡ್ತೀರಿ!" ಎಂದರು. "ರೈಲು ನಮ್ಮ ಕಿವಿಗೆ ಬೀಳೋಕ್ಮುಂಚೆ ಇವ್ಳು ಬಾಗ್ಲಿಗೆ ಓಡ್ತಾಳೆ. ಬೀದೀಲಿ ಎಲ್ರೂ ಇವ್ಳನ್ನ ಸ್ಟೇಷನ್ ಮಾಸ್ಟ್ರು ಅಂತಾರೆ. ಮಾತು ಬರ್ಲಿಲ್ಲ ಅಂದ್ರೆ, ಇವ್ರಪ್ಪನೂ ಮೂರು ವರ್ಷ ಬಾಯಿ ಬಿಟ್ಟಿರ್ಲಿಲ್ಲ. ಈಗ ಕೊಬ್ಬರಿ ಮಂಡೀಲಿ ಅವನ ಬಾಯಿ ಮುಚ್ಚಿಸೋರು ಯಾರಿದಾರೆ?"

ಅದು ಸುಳ್ಳಲ್ಲ. ಆ ಮನೆಯ ಹಿಂದೆಯೇ ರೈಲು ಹಳಿ. ಅಂದು ಮಧ್ಯಾಹ್ನ ನಾನೇ ನೋಡಿದೆ. ನನಗೆ ಏನೂ ಕೇಳಿಸುವ ಮೊದಲೇ ಮಗು ಎದ್ದು ತಟ್ಟಾಡುತ್ತಾ ಹಿತ್ತಲ ಬಾಗಿಲಿಗೆ ಓಡಿತು. ಆಮೇಲೆ ಕೂಗು ಕೇಳಿಸಿತು, ರೈಲು ಬಂತು. ನನಗೆ ಅಳುವಷ್ಟು ಸಂತೋಷವಾಯಿತು. ಹಾಳು ಮುದುಕಿ, ಚಿನ್ನದಂಥ ಮಗುವಿನ ಮೇಲೆ ಇಲ್ಲದ್ದು ಹೊರಿಸುತ್ತೀಯಲ್ಲ ಎಂದು ನನ್ನನ್ನೇ ಬೈದುಕೊಂಡೆ. ಅಂದು ರಾತ್ರಿ ಮಾತ್ರ ಆ ಮನೆಯಲ್ಲಿ ಹೊಟ್ಟೆ ತುಂಬ ಉಂಡೆ.

ಮಾರನೆಯ ದಿನ ರೈಲಿನ ಹೊತ್ತಿಗೆ ಮಗುವಿನ ಪಕ್ಕದಲ್ಲೇ ನೆಲದ ಮೇಲೆ ಕೂತು ಕಾಲುಚೀಲಕ್ಕೆ ಹತ್ತಿ ತುರುಕಿ ಗೊಂಬೆ ಹೊಲಿಯುತ್ತಿದ್ದೆ. ಮಗು ಆಟ ನಿಲ್ಲಿಸಿತು. ಎರಡೂ ಅಂಗೈಗಳನ್ನು ಕಲ್ಲುಚಪ್ಪಡಿಯ ಮೇಲೆ ಅಗಲಿಸಿ ಇಟ್ಟಿತು. ಆಮೇಲೆ ಹೊಟ್ಟೆಯನ್ನೂ ನೆಲಕ್ಕೆ ಒತ್ತಿ ಮಲಗಿ, ನನ್ನ ಮುಖ ನೋಡಿ ನಕ್ಕು, ಎದ್ದು ಓಡಿತು. ನಾನೂ ಅಂಗೈ ಇಟ್ಟೆ. ನೆಲ ಸಣ್ಣಗೆ ನಡುಗುತ್ತಿತ್ತು. ಮನೆಯವರಿಗೆಲ್ಲ ಎಷ್ಟೋ ವರ್ಷಗಳಿಂದ ಆ ನಡುಕ ಅಭ್ಯಾಸವಾಗಿ, ಅದೊಂದು ಇದೆ ಎಂಬುದನ್ನೇ ಅವರು ಮರೆತಿದ್ದರು.

ಸೂಜಿ ಬೆರಳಿಗೆ ಚುಚ್ಚಿದ್ದು ಆಮೇಲೆ ಗೊತ್ತಾಯಿತು.

ಅನುಮಾನವನ್ನು ಅನುಮಾನವಾಗಿಯೇ ಬಿಡಲು ನನ್ನಿಂದಾಗಲಿಲ್ಲ. ಸಂಜೆಯ ರೈಲಿಗೆ ಮುಂಚೆ, ಮಗುವಿಗೆ ನೆಲ ತಾಕದ ಹಾಗೆ, ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡಿದೆ. ಮಗುವನ್ನು ಅದರಲ್ಲಿ ಕೂರಿಸಿ, ಕೈಗೆ ಗಿರಗಿಟ್ಲೆ ಕೊಟ್ಟು, ಸೀರೆಯ ಮಡಿಕೆ ಸರಿಸಿ ಮುಖವನ್ನೇ ನೋಡುತ್ತಾ ನಿಂತೆ. ಅದರ ಬೆನ್ನು ಹಳಿಯ ಕಡೆಗೆ. ನನಗೆ ಪಾದದಡಿ ನಡುಕ ತಿಳಿಯಿತು. ಮಗು ಗಿರಗಿಟ್ಲೆಗೆ ಉಫ್ ಉಫ್ ಎಂದು ಊದುತ್ತಿತ್ತು. ತಿರುಗು ಕಂದಾ, ಒಂದೇ ಸಲ ತಿರುಗು, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಮನಸ್ಸಿನಲ್ಲಿ ಬೇಡಿಕೊಂಡೆ. ರೈಲು ಕೂಗಿತು. ಮತ್ತೆ ಕೂಗಿತು. ಬೋಗಿಗಳೆಲ್ಲ ಗಡಗಡ ಎನ್ನುತ್ತಾ ಹಿತ್ತಲ ಹಿಂದೆ ಹಾದು ಹೋದವು. ಮಗು ಊದುತ್ತಲೇ ಇತ್ತು.

ಮಂಚದಿಂದ ಬೀಗಿತ್ತಿ ಕೇಳಿದರು. "ಓಡಿದ್ಲಾ ಬಾಗ್ಲಿಗೆ, ನಮ್ಮ ಸ್ಟೇಷನ್ ಮಾಸ್ಟ್ರು?"

"ಜೋಲೀಲಿದಾಳೆ," ಎಂದಷ್ಟೇ ಹೇಳಿದೆ.

ಮಗಳು ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದೆ. ಅವಳು ಬೆಚ್ಚಲಿಲ್ಲ. ಮುಖಕ್ಕೆ ನೀರು ಎರಚಿಕೊಳ್ಳುತ್ತಲೇ ಇದ್ದಳು.

"ಗೊತ್ತು ಕಣಮ್ಮ," ಎಂದಳು. "ಅವ್ಳನ್ನ ಕರೀಬೇಕಾದ್ರೆ ನಾನು ಕಾಲಲ್ಲಿ ನೆಲ ಗುದ್ದೋದು ನೋಡಿಲ್ವಾ ನೀನು?"

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದೀಯೇನೇ! ಬೇಗ ತೋರಿಸಿದ್ರೆ ಕಿವಿಗೆ ಮಷಿನ್ನೋ ಇನ್ನೊಂದೋ ಹಾಕ್ತಾರೆ. ತಡ ಆದಷ್ಟೂ ಮಾತು ಕಲಿಯೋದು ಕಷ್ಟ ಅಂತ ಪಾಠ ಹೇಳೋ ನಿನಗೆ ನಾನು ಹೇಳ್ಬೇಕಾ?"

"ಒಂದ್ಸಲ ಬಾಯಿ ಬಿಟ್ಟಿದ್ದೆ. ಹೆತ್ತೋಳ ಬಾಯಲ್ಲಿ ಕೆಟ್ಟದ್ದು ಬಂದ್ರೆ ಅದು ಮಗೂಗೆ ತಟ್ಟೇ ತಟ್ಟುತ್ತೆ ಅಂತ ಅತ್ತೆ ನನ್ನ ಕೈಲಿ ದೇವ್ರ ಮುಂದೆ ತಪ್ಪು ಕಾಣಿಕೆ ಇಡಿಸಿದ್ರು. ಆಮೇಲಿಂದ ಭಯ ಕಣಮ್ಮ. ನಾನು ಹೇಳಿದ್ರಿಂದ್ಲೇ ಹೀಗಾಯ್ತೇನೋ ಅನ್ಸುತ್ತೆ."

ನಾನು ಸಿಟ್ಟಿನಿಂದ ಒಳಗೆ ಹೊರಟೆ. ಅವಳು ನನ್ನ ಸೆರಗು ಹಿಡಿದುಕೊಂಡಳು. "ಈಗ ಬೇಡಮ್ಮ. ಅತ್ತೆ ಕಣ್ಣು ಸರಿ ಹೋಗ್ಲಿ." ಸೆರಗು ಬಿಡಿಸಿಕೊಂಡು ಒಳಗೆ ಹೋದೆ.

ಅಳಿಯ ಆಗಷ್ಟೇ ಬಂದು ಕಾಫಿ ಕುಡಿಯುತ್ತಿದ್ದ. ಮಗು ನೆಲದ ಮೇಲೆ ಗೊಂಬೆಯ ಕಿವಿ ಚೀಪುತ್ತಿತ್ತು. "ಮಗೂಗೆ ಕಿವಿ ಕೇಳ್ಸಲ್ಲಪ್ಪ," ಎಂದೆ. "ನಾಳೇನೇ ಡಾಕ್ಟ್ರಿಗೆ ತೋರಿಸ್ಬೇಕು."

ಬೀಗಿತ್ತಿ ಮಂಚದಿಂದ ಎದ್ದು ನಿಂತರು. "ಉಂಡ ಮನೆ ಜಂತೆ ಎಣಿಸ್ತೀರಾ? ನನ್ನ ಮೊಮ್ಮಗೂನ ಕಿವುಡಿ ಅಂತೀರಾ? ಇದೇ ಬಾಯಲ್ವಾ ನಿಮ್ಮ ಮಗ್ಳಿಗೂ ಬಂದಿರೋದು!"

ಅಳಿಯನನ್ನೇ ನೋಡಿದೆ. ಅವನು ಲೋಟ ಕೆಳಗಿಟ್ಟು, ಚಪ್ಪಲಿ ಇಲ್ಲದ ಕಾಲಲ್ಲಿ ಮೆಲ್ಲಗೆ ಮಗುವಿನ ಹಿಂದೆ ಹೋಗಿ ನಿಂತ.

"ಪುಟ್ಟೀ," ಎಂದ, ದಿನಾ ಕರೆಯುವ ಹಾಗೆ.

ಮಗು ಗೊಂಬೆ ಚೀಪುತ್ತಿತ್ತು.

"ಪುಟ್ಟೀ, ಅಪ್ಪ ಬಂದಿದೀನಿ ಕಣೇ."

ಅವನ ದನಿ ಏರಿತು. ಮಂಡಿಯಲ್ಲಿ ಕೂಗುವವನ ಗಂಟಲು, ಮನೆಯೆಲ್ಲ ತುಂಬಿತು. "ಪುಟ್ಟೀ! ಲೇ ಪುಟ್ಟೀ!" ಕೊನೆಯ ಕೂಗು ಒಡೆದು ಹೋಯಿತು. ಅವನು ಗೋಡೆಗೆ ಒರಗಿದ.

ಬೀಗಿತ್ತಿ ಕಪ್ಪು ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ, ನಮ್ಮ ಆಕಾರಗಳ ಕಡೆಗೆ ನೋಡುತ್ತಿದ್ದರು. "ತಿರುಗಿದ್ಲಾ?" ಎಂದರು. "ಯಾರಾದ್ರೂ ಹೇಳ್ರೋ. ಮಗು ತಿರುಗ್ತಾ?"

ನಾನು ಮಗಳ ಕಡೆಗೆ ನೋಡಿದೆ.

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಮಗಳು ಒಳಗೆ ಬಂದಳು. ಮುಖದ ನೀರು ಇನ್ನೂ ಒರೆಸಿಕೊಂಡಿರಲಿಲ್ಲ. ಮಗುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡು ಅತ್ತೆಯ ಎದುರು ನಿಂತಳು.

"ಇಲ್ಲ ಅತ್ತೆ," ಎಂದಳು. "ತಿರುಗ್ಲಿಲ್ಲ. ನನ್ನ ಮಗೂಗೆ ಕಿವಿ ಕೇಳ್ಸಲ್ಲ."