ಸಪಾಟು ಮಾಡಿದ ತಗ್ಗು

ಫೋರ್ಮನ್ ಕಾಕಾನ ಕನ್ನಡಕದ ಗಾಜಿನ ತುಂಬ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳಿದ್ದವು. ಒರೆಸಿದರೆ ಹೋಗುವಂಥವಲ್ಲ. ಸಾಣೆಕಲ್ಲಿನಿಂದ ಹಾರಿದ ಕಿಡಿಗಳು ಬಿಸಿಬಿಸಿಯಾಗಿಯೇ ಗಾಜಿಗೆ ತಾಗಿ ಅಲ್ಲಿಯೇ ಕಚ್ಚಿಕೊಂಡು ಕೂತಿದ್ದವು. ಎದುರು ಕೂತು ಮಾತಾಡುವಾಗ ಅವರ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ; ನಗುತ್ತಿದ್ದಾರೋ ಬೈಯುತ್ತಿದ್ದಾರೋ ತಿಳಿಯಬೇಕಾದರೆ ಮೀಸೆ ನೋಡಬೇಕು. ಹೊಸ ಗಾಜು ಹಾಕಿಸಿರಿ ಎಂದು ಅವರ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ಹೇಳಿ ಹೇಳಿ ಸೋತಿದ್ದರು. "ಕಾಣತೈತಿ ಬಿಡ. ಕಾಣಬೇಕಾದ್ದು ಕಾಣತೈತಿ," ಎನ್ನುವುದು ಅವರ ಉತ್ತರ. ಕಾಣಬೇಕಾದ್ದೇ ಅವರಿಗೆ ಕಾಣಲಿಲ್ಲ ಎನ್ನುವುದು ನನ್ನ ತಕರಾರು. ಅವರು ತೀರಿಕೊಂಡ ಮೇಲೂ ಅದು ಹಾಗೆಯೇ ಉಳಿದಿದೆ.

ಅವರು ನಮಗೆ ರಕ್ತಸಂಬಂಧಿಯೇನಲ್ಲ. ನಮ್ಮಪ್ಪನ ಹಾಗೆ ಲಿಂಗಸುಗೂರು ಕಡೆಯವರು, ಹೈದರಾಬಾದಿಗೆ ಬಂದು ಒಂದು ಕಾರ್ಖಾನೆಯಲ್ಲಿ ಫೋರ್ಮನ್ ಆಗಿ ನಿವೃತ್ತರಾದವರು. ಆಮೇಲೆ ಕಾಚಿಗೂಡದ ಹಳೆಯ ಮನೆಯ ಪಡಸಾಲೆಯಲ್ಲಿ ಗ್ರೈಂಡರ್‌ಗಳನ್ನು ಕೂಡಿಹಾಕುತ್ತ ಕೂತರು. ಗ್ರೈಂಡರ್ ಎಂದರೆ ದೋಸೆ ಹಿಟ್ಟು ರುಬ್ಬುವುದಲ್ಲ. ಮೇಜಿಗೆ ಬಿಗಿದು ನಿಲ್ಲಿಸುವ, ನಡುವೆ ಮೋಟಾರು, ಎಡಕ್ಕೊಂದು ಬಲಕ್ಕೊಂದು ದುಂಡನೆಯ ಸಾಣೆಕಲ್ಲು ತಿರುಗುವ ಯಂತ್ರ. ಅದೂ ಹಳೆಯದೇ ಆಗಬೇಕು, ಎರಕದ ಕಬ್ಬಿಣದ್ದೇ ಆಗಬೇಕು, ಒಬ್ಬನಿಂದ ಎತ್ತಲು ಆಗಬಾರದು. ಮುಚ್ಚಿಹೋದ ಕಾರ್ಖಾನೆ, ಸೈಕಲ್ ಅಂಗಡಿ, ಕಬಾಡಿಯವನ ಹಳೆ ಕಬ್ಬಿಣದ ಗುಡ್ಡೆ, ಎಲ್ಲಿ ಸಿಕ್ಕರೂ ಆಟೋದಲ್ಲಿ ಹಾಕಿಕೊಂಡು ತರುತ್ತಿದ್ದರು. ಕಾಕು ಹಳೆಯ ಲಂಗಗಳನ್ನು ಹರಿದು ಅವಕ್ಕೆಲ್ಲ ಗವಸು ಹೊಲಿದಿದ್ದರು. ಯಾರಾದರೂ ಬಂದರೆ ಕುರ್ಚಿಯ ಮೇಲೆ ಕೂತ ಯಂತ್ರವನ್ನು ಮೊದಲು ಇಳಿಸಬೇಕು, ಆಮೇಲೆ ಮನುಷ್ಯರು ಕೂಡ್ರಬೇಕು.

ಅವರ ಕೆಲಸದ ರೀತಿ ನೋಡುವವರ ತಾಳ್ಮೆ ತಿನ್ನುವಂಥದು. ಬಿಚ್ಚಿದ ಬಿಡಿಭಾಗಗಳು ವಾರಗಟ್ಟಲೆ ಸೀಮೆಎಣ್ಣೆಯಲ್ಲಿ ನೆನೆಯಬೇಕು. ಕಲ್ಲನ್ನು ಬೆರಳಿಗೆ ನೇತುಹಾಕಿ, ಸ್ಕ್ರೂಡ್ರೈವರಿನ ಕಟ್ಟಿಗೆ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುವರು. ಗಂಟೆಯ ಹಾಗೆ ಠಣ್ ಎಂದರೆ ಒಳ್ಳೆಯದು; ದಬ್ ಎಂದರೆ ಒಳಗೆ ಬಿರುಕಿದೆ, ತಿರುಗುವಾಗ ಸಿಡಿದು ಜೀವ ತೆಗೆಯುತ್ತದೆ. ಎಷ್ಟು ಚೆಂದದ ಕಲ್ಲಾದರೂ ದಬ್ ಎಂದರೆ ಅಂಗಳಕ್ಕೆ ಒಯ್ದು ಸುತ್ತಿಗೆಯಿಂದ ತಾವೇ ಒಡೆಯುವರು. "ಇಲ್ಲಂದ್ರ ಯಾರರೆ ಆಸೆಬುರುಕ ಎತಗೊಂಡು ಹೋಗಿ ಹಾಕ್ಕೋತಾನ," ಎನ್ನುವರು. ಎಡಗಡೆಯ ಕಲ್ಲಿನ ನಟ್ಟು ಉಲ್ಟಾ ಸುತ್ತಿನದು, ಎಲ್ಲ ನಟ್ಟುಗಳ ಹಾಗೆ ತಿರುಗಿಸಿದರೆ ಬಿಚ್ಚುವ ಬದಲು ಇನ್ನಷ್ಟು ಬಿಗಿಯುತ್ತದೆ. ನಾನು ಒಮ್ಮೆ ಕೈಹಾಕಿದಾಗ ಅವರು ನನ್ನ ಮುಂಗೈ ಹಿಡಿದೇಬಿಟ್ಟರು. "ಏ ತಮ್ಮಾ, ಇದು ನಿನ್ನ ಆಫೀಸಿನ ಫೈಲ್ ಅಲ್ಲ. ಮೊದಲ ಅದು ಯಾವ ಕಡೆ ತಿರಗತೈತಿ ಕೇಳು."

ನಮ್ಮಪ್ಪನಿಗೆ ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಸಾಣೆ ಅಂಗಡಿಯಿತ್ತು. ದರ್ಜಿಗಳ ಕತ್ತರಿ, ಮಾಂಸ ಮಾರುವ ಖಟಿಕರ ಚೂರಿ, ಹೋಟೆಲಿನವರ ಈಳಿಗೆ ಎಲ್ಲ ಅಲ್ಲಿಗೇ ಬರುತ್ತಿದ್ದವು. ಅಂಗಡಿಯ ತುಂಬ ಇದ್ದದ್ದು ಒಂದೇ ಯಂತ್ರ. ಅದರ ಕಲ್ಲಿನ ಮುಂದೆ, ಕತ್ತರಿಯನ್ನು ಆನಿಸಿ ಹಿಡಿಯಲು ಒಂದು ಕಬ್ಬಿಣದ ಪಟ್ಟಿ ಇರುತ್ತದೆ. ಅಪ್ಪ ಜೀವಮಾನವಿಡೀ ಅದರ ಮೇಲೆ ಕತ್ತರಿ ಜಾರಿಸಿ ಜಾರಿಸಿ, ಪಟ್ಟಿಯ ಬಲತುದಿಯಲ್ಲಿ ಒಂದು ತಗ್ಗು ಬಿದ್ದಿತ್ತು. ನುಣ್ಣಗೆ, ಹೆಬ್ಬೆರಳು ಸರಿಯಾಗಿ ಕೂಡುವಷ್ಟು. ನಮ್ಮ ಕಡೆ ದಸರೆಯಲ್ಲಿ ಖಂಡೇಪೂಜೆಯ ದಿನ ದುಡಿಯುವ ಹತಾರಗಳಿಗೆಲ್ಲ ಪೂಜೆ. ಅವ್ವ ಅಂಗಡಿಗೆ ಬಂದು ಆ ತಗ್ಗಿಗೇ ಕುಂಕುಮ ಹಚ್ಚುತ್ತಿದ್ದಳು, ಮೋಟಾರಿಗಲ್ಲ, ಕಲ್ಲಿಗಲ್ಲ.

ಅಪ್ಪ ಹೋದ, ಅಂಗಡಿಯೂ ಹೋಯಿತು. ಮೋಟಾರು ಸುಟ್ಟಿದ್ದ ಯಂತ್ರ ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ತುಕ್ಕು ಹಿಡಿಯುತ್ತ ಬಿತ್ತು. ಅವ್ವನಿಗೆ ಆಗಲೇ ಕಣ್ಣು ಮಂಜಾಗಿತ್ತು. "ಅದನ್ನ ಒಂದ ಸಲ ತಿರಗಸೋ. ಖಂಡೇಪೂಜೆಗೆ ಅದರ ಸಪ್ಪಳ ಕೇಳಬೇಕಂತ ಜೀವ ಬಡಕೋತೈತಿ," ಎಂದಳು. ನಾನು ಫೋರ್ಮನ್ ಕಾಕಾನ ಹತ್ತಿರ ಒಯ್ದೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, "ಮೋಟಾರಿನ ತಂತಿ ಸುತ್ತು ಸುಟ್ಟೈತಿ, ಬೇರಿಂಗ್ ಸತ್ತೈತಿ. ಜೀವ ಐತಿ. ಬಿಟ್ಟು ಹೋಗು," ಎಂದರು. ದಸರೆಗೆ ಬೇಕು ಎಂದೆ. ತಲೆಯಾಡಿಸಿದರು. ಯಾವ ದಸರೆ ಎಂದು ಕೇಳಿಕೊಳ್ಳಬೇಕಿತ್ತು.

ಆ ದಸರೆ ಹೋಯಿತು. ಮೆಟ್ರೋ ಹಿಡಿದು, ಇಳಿದು ಆಟೋ ಹಿಡಿದು ನಾನು ಹೋದಾಗಲೆಲ್ಲ ಒಂದೊಂದು ಕಾರಣ. ತಂತಿ ಸುತ್ತುವವನು ಊರಿಗೆ ಹೋಗಿದ್ದಾನೆ. ಸರಿಯಾದ ಬೇರಿಂಗ್ ಸಿಕ್ಕಿಲ್ಲ. ಬಣ್ಣ ಆ ಕಾಲದ ಹಸಿರೇ ಆಗಬೇಕು, ಅಂಗಡಿಯಲ್ಲಿರುವುದು ಗಿಳಿ ಹಸಿರು. ಬಣ್ಣ ಯಾರಿಗೆ ಬೇಕಾಗಿತ್ತು? ತಿರುಗಿದರೆ ಸಾಕು ಎಂದು ಕೈಮುಗಿದು ಹೇಳಿದೆ. "ಅರ್ಧ ಮಾಡಿ ಕೊಡೋದು ಅಂದ್ರ ಅರ್ಧ ಕ್ಷೌರ ಮಾಡಿ ಕಳಿಸಿದಂಗ," ಎಂದರು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗುವುದೇ ನನ್ನ ಪಾಲಿಗೆ ಬಂದಿತ್ತು.

ಕೊನೆಗೆ ಮುಂದಿನ ದಸರೆಯ ಮುಂಚೆ ಅವರೇ ಫೋನ್ ಮಾಡಿದರು. "ನಿಮ್ಮ ಅವ್ವನ್ನೂ ಕರಕೊಂಡು ಬಾ." ಹೋದೆವು. ಪಡಸಾಲೆಯ ನಡುವೆ ಯಂತ್ರ ಮದುಮಗನ ಹಾಗೆ ಕೂತಿತ್ತು. ಹಸಿರು ಅದೇ ಹಸಿರು. ಗುಂಡಿ ಒತ್ತಿದರೆ ಅದೇ ಸಪ್ಪಳ, ಮೊದಲು ಗುರ್ ಎಂದು, ಆಮೇಲೆ ಸಣ್ಣಗೆ ಹಾಡುತ್ತ. ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ಕಾಕಾನ ಮೀಸೆ ನಗುತ್ತಿತ್ತು. ಯಂತ್ರ ನಿಂತ ಮೇಲೆ ಅವ್ವ ಹತ್ತಿರ ಹೋಗಿ ಪಟ್ಟಿಯ ಮೇಲೆ ಬೆರಳಾಡಿಸಿದಳು. ಬಲಕ್ಕೆ ಹೋದಳು, ಎಡಕ್ಕೆ ಬಂದಳು, ಮತ್ತೆ ಬಲಕ್ಕೆ ಹೋದಳು.

"ಇದು ನಮ್ಮದಲ್ಲ," ಎಂದಳು.

ನಾನು ಬಗ್ಗಿ ನೋಡಿದೆ. ತಗ್ಗು ಇರಲಿಲ್ಲ. ವೆಲ್ಡಿಂಗ್ ಮಾಡಿಸಿ ತುಂಬಿ, ಮೇಲೆ ತಿಕ್ಕಿ, ಪಟ್ಟಿಯನ್ನು ಕನ್ನಡಿಯಷ್ಟು ಸಪಾಟು ಮಾಡಿದ್ದರು. ನನ್ನ ಪಿತ್ತ ನೆತ್ತಿಗೇರಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಎನ್ನುತ್ತಾರಲ್ಲ, ಇವರು ನಮ್ಮಪ್ಪನನ್ನೇ ಅಳಿಸಿಹಾಕಿದ್ದರು.

"ಯಾರು ಹೇಳಿದ್ರು ಕಾಕಾ ನಿಮಗ ಇದನ್ನ ತುಂಬರಿ ಅಂತ?"

"ಅಲ್ಲೋ, ತಗ್ಗು ಬಿದ್ದ ಪಟ್ಟಿ ಹ್ಯಾಂಗ ಬಿಡ್ಲಿ? ಕತ್ತರಿ ಓರೆ ಕೂಡತೈತಿ, ಕಲ್ಲು ಎಳಕೊಂಡ್ರ ಬೆರಳು ಹೋಗತಾವ. ತಗ್ಗು ಅಂದ್ರ ಐಬು."

"ಐಬು ಅಲ್ಲರಿ ಅದು. ನಮ್ಮಪ್ಪಂದು ಅಂತ ಉಳಿದಿದ್ದು ಅದೊಂದ ಇತ್ತು."

ಒಳಗಿಂದ ಚಹಾ ತಂದ ಕಾಕು ಬಾಗಿಲಲ್ಲೇ ನಿಂತರು. ಅವ್ವ ನನ್ನ ತೋಳು ಹಿಡಿದು, "ನಡೀ, ದೊಡ್ಡವರಿಗೆ ಹಂಗ ಅನಬಾರದು," ಎಂದಳು. ಆದರೆ ಯಂತ್ರವನ್ನು ಒಯ್ಯೋಣ ಎನ್ನಲಿಲ್ಲ. ಅದನ್ನು ಅಲ್ಲಿಯೇ ಬಿಟ್ಟು ಬಂದೆವು.

ಹಬ್ಬ ಕಳೆದ ಮೇಲೆ ಸಿಟ್ಟು ತುಸು ಇಳಿದು, ಹೇಗಿದ್ದರೂ ನಮ್ಮದಲ್ಲವೇ ತಂದುಬಿಡೋಣ ಎಂದು ಹೋದರೆ, ಕಾಕಾ ಯಂತ್ರದ ಮುಂದೆ ಕೂತು ದರ್ಜಿಯೊಬ್ಬನ ಕತ್ತರಿ ಹರಿತ ಮಾಡುತ್ತಿದ್ದರು. ಪಕ್ಕದಲ್ಲಿ ಇನ್ನೊಂದು ಬುಟ್ಟಿ ಕತ್ತರಿ. ಓಣಿಯ ದರ್ಜಿಗಳಿಗೆಲ್ಲ ಪುಕ್ಕಟೆ ಸಾಣೆ ಹಿಡಿದುಕೊಡುವುದಾಗಿ ಹೇಳಿ ಕಳಿಸಿದ್ದರಂತೆ.

"ಏನ್ ನಡಸೀರಿ ಕಾಕಾ ಇದು?"

"ತಗ್ಗು ಬೀಳಸಾಕತ್ತೀನಿ," ಎಂದರು, ತಲೆಯೆತ್ತದೆ.

ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಷ್ಟೇ ಬೇಕಿದ್ದರೆ ಕಬ್ಬಿಣ ಉಜ್ಜುವ ಕಾನಸ ಹಿಡಿದು ತಿಕ್ಕಿದರೆ ಒಂದು ಗಳಿಗೆಯ ಕೆಲಸ, ಕೊಡಿ ನಾನೇ ತಿಕ್ಕುತ್ತೇನೆ ಎಂದೆ. ಅವರಿಗೆ ನಿಜವಾಗಿ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆವತ್ತೇ. "ಕಾನಸಲೆ ಮಾಡಿದ್ದು ಗಾಯ ಆಗತೈತೋ ತಮ್ಮಾ, ಸವಕಳಿ ಆಗಂಗಿಲ್ಲ. ನಿಮ್ಮ ಅವ್ವನ ಬೆರಳಿಗೆ ಸುಳ್ಳು ಹೇಳ್ಲೇನು?"

ಅಲ್ಲಿಂದ ಶುರುವಾಯಿತು ನನ್ನ ಎರಡನೆಯ ವನವಾಸ. ಯಂತ್ರ ಸರಿಯಾಗಿದೆ, ತಿರುಗುತ್ತದೆ, ಆದರೆ ಮನೆಗೆ ಬರುವುದಿಲ್ಲ. ಅವ್ವನಿಗೆ ಈ ಹುಚ್ಚಿನ ವಿಷಯ ಹೇಳಲಿಲ್ಲ. ಹೇಳಿದರೆ ಅವಳೂ ಕಾಯುತ್ತ ಕೂಡುತ್ತಾಳೆ. ನನ್ನ ಕಣ್ಣೆದುರೇ ಖಂಡೇಪೂಜೆಗಳು ಬಂದು ಹೋದವು. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ಕಾಕಾ ಎಡಚರು. ಕತ್ತರಿಯನ್ನು ಆಚೆ ಕಡೆಯಿಂದ ಹಿಡಿಯುವುದರಿಂದ ಪಟ್ಟಿ ಸವೆಯುತ್ತಿದ್ದುದು ಎಡತುದಿಯಲ್ಲಿ. ಒಂದು ದಿನ ಬೆರಳಿಟ್ಟು ತೋರಿಸಿದೆ. "ಕಾಕಾ, ಅಪ್ಪಂದು ಇಲ್ಲಿತ್ತು. ನೀವು ಎಲ್ಲಿ ಸವೆಸಾಕತ್ತೀರಿ ನೋಡ್ರಿ."

ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಬಲಗೈಯಲ್ಲಿ ಹಿಡಿಯಲು ಹೋದರು. ಕತ್ತರಿಯ ಮೊನೆ ಕಲ್ಲಿಗೆ ಸಿಕ್ಕಿ ಹಾರಿಹೋಯಿತು. ಅದರ ಯಜಮಾನ, ಓಣಿಯ ಮುದಿ ದರ್ಜಿ, ಬಾಗಿಲಲ್ಲೇ ನಿಂತಿದ್ದವನು, "ಅರೇ ಭಾಯಿ, ಮೇರೀ ರೋಜೀ ಕಾಟ್ ದಿಯೇ ನಾ!" ಎಂದು, ಹೊಟ್ಟೆಪಾಡಿಗೇ ಕತ್ತರಿ ಬಿದ್ದವನ ಹಾಗೆ, ತಲೆಯ ಮೇಲೆ ಕೈಹೊತ್ತ. ಕಾಕಾ ತಮ್ಮ ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಕತ್ತರಿಯನ್ನು ಅವನ ಕೈಗಿಟ್ಟು, ತಿರುಗಿ ಕೂತು, ಮತ್ತೆ ಎಡಗೈಯಲ್ಲೇ ಶುರುಮಾಡಿದರು. "ದೇವರು ಕೊಟ್ಟ ಕೈ ಇದು. ಬಲಕ್ಕ ಎಲ್ಲಿಂದ ತರಲಿ?" ಎಂದರು.

ಅಂಥವರ ಜೊತೆ ಜಗಳವಾದರೂ ಹೇಗೆ ಆಡುವುದು? ಕಲ್ಲಿಗೆ ತಲೆ ಹಾಯುವುದೂ ಅವರಿಗೆ ಬುದ್ಧಿ ಹೇಳುವುದೂ ಒಂದೇ. ಬಿಟ್ಟುಕೊಡಿ ಎಂದರೆ ಇನ್ನೂ ಆಗಿಲ್ಲ ಎನ್ನುವರು. ಎಂದಿಗೆ ಆಗುತ್ತದೆ ಎಂದರೆ, ನಿಮ್ಮಪ್ಪನಿಗೆ ಎಷ್ಟು ವರ್ಷ ಹಿಡಿಯಿತು ಎಂದು ಕೇಳುವರು. ಇದೊಂದರ ಮುಂದೆ ಅವರ ಬೇರೆ ಯಂತ್ರಗಳೆಲ್ಲ ಗವಸಿನೊಳಗೇ ಉಳಿದವು. ಅದನ್ನು ನನಗೆ ಹೇಳಿದವರು ಕಾಕು, ಅದೂ ದೂರಿನ ದನಿಯಲ್ಲಿ. "ಹೊಸದು ಯಾವುದೂ ಬಿಚ್ಚಾಕ ಒಲ್ಲರು. ದಿನಾ ಇದರ ಮುಂದ ಕುಂಡ್ರತಾರ. ನೀ ಅವತ್ತ ಅಂದ ಮಾತು ಎಲ್ಲೋ ನಟ್ಟೈತಿ ನೋಡು."

ಕಾಕಾ ಹೋದದ್ದು ಶ್ರಾವಣದಲ್ಲಿ. ಮುಂಜಾನೆ ಚಹಾ ಕುಡಿದು, ಎದೆ ಹಿಡಿದಂತಾಗುತ್ತದೆ ಎಂದು ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದ ಮೇಲೆ ನಾನು ಪಡಸಾಲೆಯಲ್ಲಿ ಗವಸು ಹಾಕಿದ ಯಂತ್ರಗಳ ನಡುವೆ ನಿಂತಿದ್ದೆ. ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು, ಅದನ್ನು ಮುಚ್ಚಿಟ್ಟು ಏನು ಮಾಡಲಿ. ಮುಗಿಸದೆ ಹೋಗಿಬಿಟ್ಟರಲ್ಲ! ಅರ್ಧ ಕ್ಷೌರದ ಮಾತಾಡಿದವರು ಇವರೇ ಅಲ್ಲವೇ! ಕೆಲವು ವಾರಗಳ ನಂತರ ಕಾಕು ಕರೆಸಿ, "ನಿಮ್ಮದು ನೀವು ಒಯ್ಯರಿ," ಎಂದರು. ಆಟೋದವನೂ ನಾನೂ ಸೇರಿ ಅದನ್ನು ಹೊತ್ತು ಹಾಕಿದೆವು.

ಖಂಡೇಪೂಜೆಯ ದಿನ ಯಂತ್ರವನ್ನು ಫ್ಲಾಟಿನ ನಡುಮನೆಯಲ್ಲಿ ಮಣೆಯ ಮೇಲೆ ಇಟ್ಟೆ. ಗುಂಡಿ ಒತ್ತಿದೆ. ಅವ್ವ ಕಣ್ಣು ಮುಚ್ಚಿ ಕೇಳಿದಳು. ನಿಂತ ಮೇಲೆ ಕುಂಕುಮದ ಬಟ್ಟಲು ಹಿಡಿದು ಬಂದಳು. ಅವಳ ಬೆರಳು ರೂಢಿಯಂತೆ ಬಲತುದಿಗೆ ಹೋಯಿತು. ಸಪಾಟು. ಅಲ್ಲಿಂದ ನಿಧಾನವಾಗಿ ಎಡಕ್ಕೆ ಬರುತ್ತ ಬರುತ್ತ ತುದಿಯ ಹತ್ತಿರ ನಿಂತಿತು. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು ಅಲ್ಲಿತ್ತು. ನನ್ನ ಬೆರಳಿಗಾದರೆ ಹುಡುಕಿದರೆ ಸಿಕ್ಕೀತು. ಅವಳಿಗೆ ಕೂಡಲೇ ಸಿಕ್ಕಿತು.

"ಇದು ನಿಮ್ಮಪ್ಪಂದಲ್ಲ. ಇಲ್ಲಿ ಯಾರು ಕುಂತಿದ್ರು?"

ಹೇಳಿದೆ. ಕತ್ತರಿಯ ಬುಟ್ಟಿ, ಎಡಗೈ, ಕಾನಸ ಬೇಡವೆಂದದ್ದು, ಎಲ್ಲವನ್ನೂ. ಹೇಳುತ್ತ ಹೇಳುತ್ತ ನನ್ನ ದನಿಯಲ್ಲಿ ಸಿಟ್ಟು ಏರುತ್ತಲೇ ಇತ್ತು. ಕೊನೆಗೆ ಅದೇ ಸಿಟ್ಟಿನಲ್ಲಿ ಅತ್ತೂಬಿಟ್ಟೆ.

ಅವ್ವ ನನ್ನನ್ನು ಸಮಾಧಾನ ಮಾಡಲಿಲ್ಲ. ಬೆರಳನ್ನು ಕುಂಕುಮದಲ್ಲಿ ಅದ್ದಿ ಎಡತುದಿಯ ಇಳಿಜಾರಿಗೆ ಹಚ್ಚಿದಳು. "ನಾ ಇನ್ನೆಷ್ಟು ದಿನ ಇರತೀನಿ ಅಂತ ಆ ಮನಿಷ್ಯಾ ಇಷ್ಟು ಸಾವಕಾಶ ಮಾಡಿದ್ನೋ," ಎಂದು ಬೈದಳು. ಹಾಗೆ ಬೈಯುತ್ತಲೇ ಎರಡನೆಯ ಸಲ ಕುಂಕುಮ ಹಚ್ಚಿದಳು. ಆಮೇಲೆ ನನ್ನ ಕಡೆ ತಿರುಗಿ, "ಕಾಕುಗ ಫೋನ್ ಹಚ್ಚು. ಹೋಳಿಗಿ ಊಟಕ್ಕ ಇಲ್ಲೇ ಬರಲಿ. ಬಂದು ಅವರೂ ಒಂದ ಸಲ ಕೈಯಾಡಸಲಿ," ಎಂದಳು.