ಕಾಕುವಿನ ತಾಟು

ಮೊನ್ನೆ ಸೊಸೆ ಮಜ್ಜಿಗೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿದಳು. ಆ ವಾಸನೆಗೆ ಸೇಡಂನ ಪರಸಿಕಲ್ಲು ಹಾಸಿದ ಅಡುಗೆಮನೆ ಕಣ್ಣ ಮುಂದೆ ಬಂತು. ಅಂದು ಎಳ್ಳು ಅಮಾವಾಸ್ಯೆಯ ಹಿಂದಿನ ದಿನ. ನನ್ನ ಬಾಡಿಗೆ ಕೋಣೆಯ ಒಡತಿ, ನಾನು ಕಾಕು ಎಂದು ಕರೆಯುತ್ತಿದ್ದವರು, ಮರುದಿನದ ಅಂಬಲಿಗೆ ಜೋಳದ ಹಿಟ್ಟು ಕುದಿಸಿ ಆರಲು ಇಟ್ಟು ಬೆಳ್ಳುಳ್ಳಿ ಜಜ್ಜುತ್ತಿದ್ದರು. ಎಂದಿನಂತೆಯೇ ಇದ್ದರು. ನನಗೆ ಹಾಗೆ ಕಂಡಿತು...

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೆರಡು ವರ್ಷಕ್ಕೆ ನಾನು ಗಂಗಾವತಿ ಕಡೆಯಿಂದ ಅಲ್ಲಿಯ ಶಾಲೆಗೆ ಮಾಸ್ತರನಾಗಿ ಬಂದಿದ್ದೆ. ಅನ್ನ ಉಂಡು ಬೆಳೆದ ಹೊಟ್ಟೆ. ಕೈಯಾರೆ ಬೇಯಿಸಿಕೊಂಡ ತೊಗರಿಬೇಳೆ, ಕೊಂಡು ತಂದ ಜೋಳದ ರೊಟ್ಟಿ ಎರಡೇ ದಿನಕ್ಕೆ ಹೊಟ್ಟೆ ಉಬ್ಬಿಸಿದವು. ತಿಂಗಳೊಳಗೆ ವರ್ಗಾವಣೆಯ ಅರ್ಜಿ ಬರೆದಿಟ್ಟೆ. ಒಂದು ದಿನ ಕಾಕು ನನ್ನ ತಾಟು ನೋಡಿದರು.

"ರೊಟ್ಟೀದು ತಪ್ಪಿಲ್ಲರಿ ಮಾಸ್ತರ. ಜೋಡಿ ತಪ್ಪ್ಯಾದ. ಬ್ಯಾಳಿಗಿ ಅಜವಾನ ಎಲ್ಲ್ಯಾದ?"

ಜಗುಲಿಯಲ್ಲಿದ್ದ ಅವರ ಗಂಡ, ನಮ್ಮ ಕಾಕಾ, ನಕ್ಕರು. "ಆಕಿ ಬ್ಯಾಳಿಗೂ ಅಜವಾನಕ್ಕೂ ಜಾತಕ ಕೂಡಿಸ್ತಾಳರಿ. ನಮ್ಮದೊಂದು ಕೂಡಿಸಿಲ್ಲ ನೋಡ್ರಿ."

"ಕೂಡಿಸಿದ್ರ ಈ ಮನಿಗಿ ಬರ್ತಿದ್ದಿಲ್ಲ," ಎಂದರು ಕಾಕು.

ಅಂದಿನಿಂದ ನನ್ನ ಊಟ ಅವರಲ್ಲೇ. ಬೇಳೆ ಕುದಿಯುವಾಗ ಅಜವಾನ, ಅಂದರೆ ಓಂಕಾಳು, ಬೀಳಲೇಬೇಕು. ಹುಳಿ ಸೊಪ್ಪಿನ ಪುಂಡಿಪಲ್ಯಕ್ಕೆ ಜೋಳದ ನುಚ್ಚು ಕೂಡಿಸಿದರೆ ಹೊಟ್ಟೆಗೆ ತ್ರಾಸಿಲ್ಲ ಎನ್ನುತ್ತಿದ್ದರು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ಮೊಸರಿಲ್ಲದಿದ್ದರೆ ತಾಟನ್ನೇ ಮುಂದಿಡುತ್ತಿರಲಿಲ್ಲ; ಹುಳಿ ಉಂಡ ಮೇಲೆ ಹಾಲು ಕೇಳಿದರೆ ಕೊಡುತ್ತಿರಲಿಲ್ಲ. ಎರಡು ತಿಂಗಳಲ್ಲಿ ಹೊಟ್ಟೆ ಹಗುರಾಯಿತು. ಅರ್ಜಿಯನ್ನು ಹರಿದು ಅವರ ಒಲೆಗೇ ಹಾಕಿದೆ.

ನಾನೂ ಕಾಕಾನೂ ಪಡಸಾಲೆಯಲ್ಲಿ ಉಣ್ಣುತ್ತಿದ್ದೆವು. ಬಡಿಸಿ ಮುಗಿದ ಮೇಲೆ ಕಾಕು ಒಳಗೆ ಹೋಗುತ್ತಿದ್ದರು. ಅಡುಗೆಮನೆಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಹೀಗೆ ಐದು ವರ್ಷ.

ಐದನೆಯ ವರ್ಷದ ಆ ಎಳ್ಳು ಅಮಾವಾಸ್ಯೆಯ ದಿನ ಹೊಲದಲ್ಲಿ ಊಟ. ಹಸಿ ಕಾಳು, ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ. ಅಷ್ಟು ಕಾಳು ಉಂಡವರು ಅಂಬಲಿ ಕುಡಿಯದೆ ಏಳುವಂತಿಲ್ಲ. ಕಾಕು ಎಲ್ಲರ ಬಟ್ಟಲಿಗೂ ಹುಯ್ದರು.

"ನೀವೂ ಕುಂದರ್ರಿ," ಎಂದೆ.

"ನಂದು ಆಮ್ಯಾಲ ಆಗ್ತದ. ನೀವು ಕುಡೀರಿ."

ಸ್ವಲ್ಪ ಹೊತ್ತಿಗೆ ನೋಡಿದರೆ ಬನ್ನಿ ಗಿಡದ ಬುಡದಲ್ಲಿ ಹೊಟ್ಟೆ ಹಿಡಿದು ಕುಳಿತಿದ್ದರು. ಸೀರೆ ಸಡಿಲವಾಗಿತ್ತು, ಮೊಣಕೈ ಎಲುಬಾಗಿತ್ತು. ಅದನ್ನು ನಾನು ಕಂಡದ್ದು ಅಂದೇ.

ರೈಲು ಹತ್ತಿಸಿ ಹೈದರಾಬಾದಿನ ಆಸ್ಪತ್ರೆಗೆ ಕರೆದೊಯ್ದೆವು. ಅಷ್ಟರಲ್ಲಿ ಅವರ ಮಾತು ನಿಂತಿತ್ತು. ಕಳೆದ ಆರು ತಿಂಗಳು ಏನು ಉಣ್ಣುತ್ತಿದ್ದರು, ಹೊಟ್ಟೆಯಲ್ಲಿ ಏನು ನಿಲ್ಲುತ್ತಿತ್ತು ಎಂದು ಡಾಕ್ಟರು ಉರ್ದುವಿನಲ್ಲಿ ಕೇಳಿದರು. ಕಾಕಾ ಬೇಳೆ, ಪುಂಡಿಪಲ್ಯ, ಮೊಸರು ಎಂದು ಹೇಳತೊಡಗಿದರು.

"ಅದು ನೀವು ಉಂಡದ್ದು," ಎಂದರು ಡಾಕ್ಟರು. "ಇವರು ಉಂಡದ್ದು ಹೇಳಿ."

ಕಾಕಾ ನನ್ನ ಮುಖ ನೋಡಿದರು. ನಾಲ್ಕನೆಯ ದಿನ ಕಾಕು ಹೋದರು.

ನನ್ನ ಮನೆಯಲ್ಲಿ ಅಜವಾನವಿಲ್ಲದೆ ಬೇಳೆ ಇಂದಿಗೂ ಕುದಿಯುವುದಿಲ್ಲ. ಅವರು ಹೇಳಿದ ಜೋಡಿಗಳೆಲ್ಲ ನೆನಪಿವೆ, ಸೊಸೆಗೂ ಹೇಳಿಕೊಟ್ಟಿದ್ದೇನೆ. ಡಾಕ್ಟರ ಪ್ರಶ್ನೆಗೆ ಉತ್ತರ ಮಾತ್ರ ಇಲ್ಲ. ಕಾಕು ಏನು ಉಣ್ಣುತ್ತಿದ್ದರು ಎಂಬುದು ನನಗೆ ಗೊತ್ತಿಲ್ಲ.